ಚೌಕಟ್ಟು ಹಾಕುವವನು

ನಾರಾಯಣ ಪೇಟೆಯ ಓಣಿಯಲ್ಲಿ ಆರಡಿ ಅಗಲದ ಅಂಗಡಿ ನನ್ನದು.
ಗಾಜು, ಗರಗಸ, ಸಣ್ಣ ಮೊಳೆ; ಬಾಯಲ್ಲಿ ಯಾವಾಗಲೂ ನಾಲ್ಕು.
ಮೂವತ್ತೊಂದು ವರ್ಷದಿಂದ ಪುಣೆಯ ಗೋಡೆಗಳಿಗೆ
ದೇವರನ್ನೂ ತೀರಿಹೋದವರನ್ನೂ ಪಾಸಾದವರನ್ನೂ
ಒದಗಿಸುತ್ತ ಬಂದಿದ್ದೇನೆ.

ಕಾಗದ ಮುಟ್ಟಿದರೆ ಸಾಕು ನನಗೆ.
ವಿಶ್ವವಿದ್ಯಾಲಯದ್ದು ಹೆಬ್ಬೆರಳಿಗೆ ತುಸು ತರಿತರಿ,
ಮುದ್ರೆ ಹಿಂಬದಿಗೆ ಉಬ್ಬಿರುತ್ತದೆ.
ಬೆವರಿನ ವಾಸನೆಯೂ ಇರುತ್ತದೆ ಅಂದರೆ
ಹೆಂಡತಿ ನಗುತ್ತಾಳೆ: "ನಿಮ್ಮದ ಬೆವರು ಅದು."

ಶ್ರಾವಣದ ಒಂದು ಮಧ್ಯಾಹ್ನ ಹೃಷಿಕೇಶ್ ವಾಘ್ ಬಂದ.
ಬಿಗಿ ಟೀ ಶರ್ಟು, ತೋಳಿನ ಮೇಲೆ ತೋಳು,
ಸುರುಳಿ ಸುತ್ತಿದ ಹಾಳೆ: ಹೆಲ್ತ್ ಅಂಡ್ ವೆಲ್‌ನೆಸ್ ಕೋಚ್.
"ಕಾಕಾ, ಸಾಗವಾನಿ ಹಾಕಿ. ನಾಳೆ ಕೋಥ್ರೂಡಿನಲ್ಲಿ ಉದ್ಘಾಟನೆ."
ಬಂಗಾರದ ಮುದ್ರೆ ಉಗುರಿಗೆ ಎದ್ದು ಬಂತು, ಸ್ಟಿಕ್ಕರು.
ಕಾಗದ ಇನ್ನೂ ಬೆಚ್ಚಗಿತ್ತು,
ಪಕ್ಕದ ಝೆರಾಕ್ಸಿನವನ ಯಂತ್ರದ ಬಿಸಿ.
ಗೊತ್ತಾಯಿತು ನನಗೆ.
ಗೊತ್ತಾಗಿಯೂ ಅಳತೆ ತೆಗೆದೆ: ಹದಿನೆಂಟು, ಹನ್ನೆರಡು.
ಎದ್ದ ಮುದ್ರೆಗೆ ಅಂಟು ಹಚ್ಚಿ ನಾನೇ ಒತ್ತಿ ಕೂರಿಸಿದೆ.
ಒಂಬೈನೂರು ಅಂದೆ. ಚೌಕಾಸಿ ಮಾಡಲಿಲ್ಲ ಹುಡುಗ.

ನಾದಿನಿ ನೀಲವ್ವ ಆ ಗೋಡೆ ನೋಡಿಯೇ ನಂಬಿದ್ದು.
"ಭಾಳ ಕಲ್ತಾನ್ರಿ ಭಾವಾ. ನಿಮ್ಮ ಕೈದ ಫ್ರೇಮ ಐತಿ ನೋಡ್ರಿ."
ಬೆಳಿಗ್ಗೆ ಹಾಗಲದ ರಸ, ಮಧ್ಯಾಹ್ನ ಅವನೇ ಮಾರುವ ಪುಡಿ,
ಸಕ್ಕರೆ ಕಾಯಿಲೆಯ ಗುಳಿಗೆ ಕಸದ ಬುಟ್ಟಿಗೆ.
"ಗುಳಿಗಿ ಅಂದ್ರ ವಿಷ ಅಂತ. ದೇಹಕ್ಕ ತನ್ನದ ಬುದ್ಧಿ ಐತೆಂತ."
ನಾನು ಏನಾದರೂ ಅಂದೆನೇ?
ಬಾಯಲ್ಲಿ ಮೊಳೆಗಳಿದ್ದವು.

ಗಣಪತಿ ಮುಳುಗಿದ ಮರುವಾರ ಕಾಲ ಬೆರಳಿನ ಗಾಯ ಕಪ್ಪಾಯಿತು.
ಸಸೂನ್ ಆಸ್ಪತ್ರೆಯ ಗೋಡೆ, ಸುಣ್ಣ ಉದುರಿದ್ದು,
ಮೂರು ರಾತ್ರಿ ಅದನ್ನೇ ನೋಡುತ್ತ ಕೂತೆ.
ಬೆರಳು ಹೋಯಿತು. ಪಾದ ಉಳಿಯಿತು.

ಆಮೇಲೆ ಡಾಕ್ಟರು ಕಳಿಸಿದವಳು ಮೃಣಾಲ್ ಕೇತ್ಕರ್.
ಸ್ಕೂಟರಿಳಿದು, ತೊಟ್ಟಿಕ್ಕುವ ರೇನ್‌ಕೋಟು ಬಾಗಿಲಿಗೆ ತೂಗಿ,
ಮೊದಲು ನೀಲವ್ವನ ಚಪ್ಪಲಿ ಕೈಗೆತ್ತಿ ಅಟ್ಟೆ ನೋಡಿದಳು.
ನಾನು ಬಿಸಿ ಹಾಲು ಕುಡಿದ ಬೆಕ್ಕು.
ಕೇಳಿಯೇಬಿಟ್ಟೆ: "ಕಾಗದ ತೋರಿಸಿ."
ಸಿಟ್ಟಾಗಲಿಲ್ಲ. ಪ್ಲಾಸ್ಟಿಕ್ ಕವರು, ಮಡಿಸಿದ ಮೂಲೆ, ಚಹದ ಕಲೆ.
ಒಂದೂವರೆ ವರ್ಷದ ಓದು,
ಗುರುಗಳು ಪಕ್ಕದಲ್ಲಿ ಕೂತು ತಪ್ಪು ಹಿಡಿದ ತಾಸುಗಳ ಲೆಕ್ಕ, ಪರೀಕ್ಷೆ,
ಮೂರು ವರ್ಷಕ್ಕೊಮ್ಮೆ ಮತ್ತೆ ಓದಬೇಕಂತೆ.
ಕೆಳಗೆ ಒಂದು ನಂಬರು.
"ಇಲ್ಲಿಗೆ ಫೋನು ಮಾಡಿ ನನ್ನ ಮೇಲೆ ದೂರು ಕೊಡಬಹುದು."
ದೂರಿಗೊಂದು ವಿಳಾಸ ಇಟ್ಟುಕೊಂಡ ಕಾಗದ
ನನ್ನ ಕೈಗೆ ಬಂದದ್ದು ಅದೇ ಮೊದಲು.

ನೀಲವ್ವ ಕೇಳಿದಳು, "ಗುಳಿಗಿ ಯಾವಾಗ ಬಿಡ್ಲಿ?"
"ಅದು ನನ್ನ ಕೆಲಸ ಅಲ್ಲ ಮಾವಶಿ, ಡಾಕ್ಟರನ್ನು ಕೇಳೋಣ.
ನಾಳೆ ಎಲ್ಲಿಯವರೆಗೆ ನಡೆಯೋದು, ಅದನ್ನು ಮಾತಾಡೋಣ."

ಅದು ನನ್ನ ಕೆಲಸ ಅಲ್ಲ.
ಆ ರಾತ್ರಿಯೆಲ್ಲ ಈ ಮಾತು ಗರಗಸದ ಹಾಗೆ ಹೋಗಿ ಬಂತು.
ಚೌಕಟ್ಟೆಂದರೆ ಸಿಂಗಾರ ಅಂದುಕೊಂಡಿದ್ದೆ,
ಚಿತ್ರ ಎಲ್ಲಿ ನಿಲ್ಲಬೇಕೆಂದು ಹೇಳುವ ನಾಲ್ಕು ಕೋಲು ಅದು,
ಮೂವತ್ತೊಂದು ವರ್ಷ ಕೊಯ್ದೂ ಕಾಣಲಿಲ್ಲ.

ಮೊನ್ನೆ ಹೃಷಿಕೇಶ್ ಮತ್ತೆ ಬಂದ. ಜಾಗ ಖಾಲಿ ಮಾಡಿದನಂತೆ,
ಟೆಂಪೋದಲ್ಲಿ ಗಾಜು ಒಡೆದಿದೆ. ತೋಳು ಇಳಿದಿತ್ತು.
ಬಾಯಿಂದ ಮೊಳೆ ತೆಗೆದೆ, ಒಂದೊಂದಾಗಿ, ಹಲಗೆಯ ಮೇಲಿಟ್ಟೆ.
"ಎಷ್ಟು ದಿನ ಕಲಿತೆಯೋ ತಮ್ಮಾ?"
ರಸ್ತೆ ನೋಡಿದ. "ಎರಡು ದಿನ. ಮೊಬೈಲಿನಲ್ಲಿ.
ಆದರೆ ಕಾಕಾ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ."
ನಂಬಿದೆ. ಅದು ಸುಳ್ಳಲ್ಲ.
ನೀಲವ್ವನ ಬೆರಳಿನ ಸುದ್ದಿ ಹೇಳಿದೆ. ಅವನು ಕೂತುಬಿಟ್ಟ.
ಮೃಣಾಲ್ ಕಲಿತ ಸಂಸ್ಥೆಯ ಹೆಸರು ಬರೆದುಕೊಟ್ಟೆ,
ಮಡಚಿ ಜೇಬಿಗಿಟ್ಟ. ಹೋಗುತ್ತಾನೋ ಇಲ್ಲವೋ.

ಗಾಜಿಗೆ ಅಳತೆ ತೆಗೆಯಲಿಲ್ಲ.
ಸಾಗವಾನಿ ಬಿಚ್ಚಿಟ್ಟೆ, ಇನ್ಯಾರದಕ್ಕಾದರೂ ಆದೀತು.
ಹಾಳೆ ಮಾಸಿದೆ, ಅವನ ಹೆಸರು ಅರ್ಧ ಅಳಿಸಿದೆ.
ಮುದ್ರೆ ಮಾತ್ರ ಉಗುರಿಗೂ ಏಳಲೊಲ್ಲದು.
ಅಂಟು ನನ್ನದು.