ಹತ್ತು ಲಕ್ಷ ಪಾಲಿನಲ್ಲಿ

ಕೆಸರಿಗೆ ಕಬ್ಬಿಣದ ಚಮಚ ತಾಗಬಾರದು,
ಪ್ಲಾಸ್ಟಿಕ್ಕಿನದೇ ಆಗಬೇಕು.
ಮೊದಲ ದಿನ ಮೇಡಂ ಹೇಳಿಕೊಟ್ಟ ಪಾಠ ಇದು.
ಲೋಹ ಹುಡುಕಲು ಲೋಹವನ್ನೇ ಕಳಿಸಿದರೆ
ಲೆಕ್ಕದಲ್ಲಿ ಸುಳ್ಳು ಸೇರುತ್ತದಂತೆ.

ಕೋಡಿಬಾಗದ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷದಿಂದ
ನಾನು ಬಾಟಲಿ ತೊಳೆಯುವವಳು.
ಆಸಿಡ್ಡಿನಲ್ಲಿ ಒಂದು ರಾತ್ರಿ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ.
ದೇವರ ಪಾತ್ರೆಗೂ ಇಷ್ಟು ಮಡಿ ಮಾಡಿದವಳಲ್ಲ.

ಸುಂಕೇರಿ ಸೇತುವೆ ಕೆಳಗಿನ ಕೆಸರು,
ಕಡವಾಡದ ತಿರುವಿನ ಕೆಸರು,
ಕಾಂಡ್ಲದ ಬೇರು, ಕಾಂಡ್ಲದ ಎಲೆ,
ಒಂದೊಂದಕ್ಕೆ ಒಂದೊಂದು ಲಕೋಟೆ, ಮೇಲೆ ನನ್ನದೇ ಅಕ್ಷರ.
ಒಣಗಿಸಿ ಕಲ್ಲಿನ ಕುಟ್ಟಾಣಿಯಲ್ಲಿ ಅರೆದರೆ
ಕಾಳಿ ನದಿ ಒಂದು ಚಿಟಿಕೆ ಕಾಫಿಪುಡಿ.
ಆಮೇಲೆ ಆಸಿಡ್ಡು, ಕಂದು ಹೊಗೆ, ಕಿಟಕಿಯ ಫ್ಯಾನು.
ಹೊಗೆ ನಿಂತ ಮೇಲೆ ಉಳಿಯುವುದು
ಸೂರಿನ ಮಳೆನೀರಿನಂಥ ತಿಳಿ.
ಅದರಲ್ಲಿ ಸತು ಇದೆ, ತಾಮ್ರ ಇದೆ, ಸೀಸ ಇದೆ,
ಹೆಸರು ಹೇಳಲು ನಾನು ಎರಡು ವಾರ ಕಲಿತ ಕ್ಯಾಡ್ಮಿಯಂ ಇದೆ.
ಕಣ್ಣಿಗೆ ಏನೂ ಇಲ್ಲ.
ಯಂತ್ರದ ನೀಲಿ ಜ್ವಾಲೆಗೆ ಮಾತ್ರ ಗೊತ್ತು.

ಬೇರು ತಾನೇ ಹಿಡಿದಿಟ್ಟುಕೊಳ್ಳುತ್ತೆ, ನೋಡು,
ಎಲೆಗೆ ಅಷ್ಟಾಗಿ ಬಿಟ್ಟುಕೊಡೋದಿಲ್ಲ,
ಅಂದರು ಮೇಡಂ, ಪಟ್ಟಿಯ ಮೇಲೆ ಬೆರಳು ಜಾರಿಸುತ್ತ.
ನನಗೆ ಆಯಿ ನೆನಪಾದಳು.

ಸೀಸ ನಮ್ಮ ಮನೆಗೆ ಹೊಸತೇನಲ್ಲ.
ಬಲೆಯ ಅಂಚಿಗೆ ಗುಂಡು ಕಟ್ಟುವಾಗ
ಬಾಬಾ ಅದನ್ನು ಹಲ್ಲಿನಲ್ಲೇ ಕಚ್ಚಿ ಮುಚ್ಚುತ್ತಿದ್ದ,
ಬಾಯಲ್ಲಿ ಬೀಡಿ ಇದ್ದರೆ ಅದನ್ನು ನನ್ನ ಕೈಗೆ ಕೊಟ್ಟು.
ತಳ ಮುಟ್ಟದ ಬಲೆಗೆ ಮೀನಿಲ್ಲ ಅನ್ನುತ್ತಿದ್ದ.
ಈಗ ತಳವೇ ಸೀಸ ಹೆಕ್ಕಿಕೊಂಡು ಕೂತಿದೆ.

ಇಳಿತಕ್ಕೆ ಸರಿಯಾಗಿ ಆಯಿ ಹೊರಡುತ್ತಾಳೆ, ಅರವತ್ತೆಂಟರಲ್ಲೂ.
ಟೊಂಕಕ್ಕೆ ದಾರ, ದಾರದ ತುದಿಗೆ ಅಲ್ಯೂಮಿನಿಯಂ ಬೋಗುಣಿ;
ಸಾಕಿದ ಬಾತುಕೋಳಿಯ ಹಾಗೆ ಅದು ಹಿಂದೆ ಹಿಂದೆ ತೇಲುತ್ತದೆ.
ಕಣ್ಣು ಬೇಕಿಲ್ಲ ಅವಳಿಗೆ.
ಜೀವ ಇರುವ ಬಳಚು ಯಾವುದು, ಬರೀ ಚಿಪ್ಪು ಯಾವುದು,
ಹಿಮ್ಮಡಿ ಹೇಳುತ್ತದೆ.
ರವಿವಾರದ ಸಂತೆಯಲ್ಲಿ ಗೋಣಿಯ ಮೇಲೆ ಪಾಲು ಹಾಕಿ ಮಾರುತ್ತಾಳೆ.
ಚಂದ್ರಭಾಗಿಯ ಪಾಲು ಅಂದರೆ ಒಂದು ಹಿಡಿ ಹೆಚ್ಚೇ.

ವರದಿ ಬಂದ ಸಂಜೆ ನಾನೇ ಓದಿ ಹೇಳಿದೆ.
ಎಷ್ಟಿದೆಯಂತೆ?
ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು, ಅಂದೆ.
ಸುಲಭವಾಗಲಿ ಅಂತ,
ಹತ್ತು ಲಕ್ಷ ಬಳಚಿನಲ್ಲಿ ಒಂದು ಕೆಟ್ಟದ್ದು ಅಂತ ತಿಳಿ, ಅಂದೆ.

ತುರಿಯುತ್ತಿದ್ದ ಕಾಯಿ ಕೆಳಗಿಟ್ಟಳು.
ಒಂದು ಇಳಿತಕ್ಕೆ ಐನೂರು.
ತಿಂಗಳಿಗೆ ಇಪ್ಪತ್ತು ಇಳಿತ. ಮಳೆಗಾಲ ತೆಗೆದು ಎಂಟು ತಿಂಗಳು.
ಮದುವೆಯಾಗಿ ಬಂದಾರಭ್ಯ ಐವತ್ತು ವರ್ಷ.
ಬೆರಳು ಮುಗಿಯಿತು, ಮೊಬೈಲಿನಲ್ಲಿ ನಾನು ಒತ್ತಿದೆ:
ನಲವತ್ತು ಲಕ್ಷ.

"ಹಂಗಾರೆ ಆ ಒಂದು ನಂಗೆ ಯಾವಾಗ್ಲೋ ಸಿಕ್ಕಿರ್ಬೇಕು.
ನಾಕು ಸಲ."
ಸ್ವಲ್ಪ ಹೊತ್ತು ಬಿಟ್ಟು,
"ಯಾರ ಪಾಲಿಗೆ ಹಾಕಿದ್ನೋ."

ಮತ್ತೆ ಕಾಯಿ ತುರಿದಳು. ಸಾರಿಗೆ ಹುಳಿ ಜಾಸ್ತಿಯಾಗಿತ್ತು,
ಇಬ್ಬರೂ ಹೇಳಲಿಲ್ಲ.

ಮಲಗುವ ಮೊದಲು ಜಗಲಿಯಲ್ಲಿ ಅವಳ ಕಾಲುಗುರು ಕತ್ತರಿಸಿಕೊಟ್ಟೆ,
ತಿಂಗಳಿಗೊಮ್ಮೆಯಂತೆ.
ದಪ್ಪ, ಅಂಚಿಗೆ ಕಪ್ಪು ಗೆರೆ, ಬಳಚಿನ ಚಿಪ್ಪಿನದೇ ಬಣ್ಣ.
ರಾತ್ರಿ ಉಗುರು ಹೊರಗೆ ಎಸೆಯಬೇಡ, ಅಂದಳು.
ಎಸೆಯಲಿಲ್ಲ.
ಚೀಲದಲ್ಲಿ ಒಂದು ಲಕೋಟೆ ಇತ್ತು.

ತಾರೀಕು ಬರೆದೆ. ಜಾಗ: ಕಾಳಿ, ಸುಂಕೇರಿ.
ಬೇರೋ ಎಲೆಯೋ ಅನ್ನುವ ಕಡೆ
ಪೆನ್ನು ಸ್ವಲ್ಪ ನಿಂತಿತು.
ಬೇರು, ಅಂತ ಬರೆದೆ.

ಹದಿನಾರು ದಿನವಾಯಿತು, ಲಕೋಟೆ ಚೀಲದಲ್ಲೇ ಇದೆ.
ನಾಳೆ ಇಳಿತ ಐದೂಮುಕ್ಕಾಲಿಗೆ.