ಎಂಬತ್ತನಾಲ್ಕು, ಎಂಬತ್ತೇಳು

ಹೆಸರು ಹೇಳಬೇಡಿ, ಬೆಲೆ ಹೇಳಬೇಡಿ,
ಮೊದಲು ಅಡ್ಡಕ್ಕೆ ಒಂದು ಬೆಡ್‌ಶೀಟ್ ಕಟ್ಟಿ, ಅಂದೆ.
ಧರಣೇಂದ್ರಯ್ಯನವರು ಕನ್ನಡಕ ಮೇಲೇರಿಸಿ ನೋಡಿದರು.
ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಮೂವತ್ತು ವರ್ಷದ ವ್ಯಾಪಾರ,
ಮಿಕ್ಸಿಯಿಂದ ಶುರುವಾಗಿ ಮಹಡಿ ಮೇಲಿನ ಈ ಕೋಣೆವರೆಗೆ,
ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ಜಮಖಾನ, ನಡುವೆ ಒಂದೇ ಸೋಫಾ.
ಸ್ಪೀಕರಿಗೆ ಮುಸುಕು ಹಾಕಿಸಿದ ಗಿರಾಕಿ
ನಾನೇ ಮೊದಲಿರಬೇಕು.

ನನ್ನ ಕಸುಬೇ ಅದು.
ಕ್ಯೂರಿಂಗ್ ವರ್ಕ್ಸಿನ ಹಿಂದುಗಡೆ, ಬಡಗು ಕಿಟಕಿಯ ಕೋಣೆಯಲ್ಲಿ
ದಿನಕ್ಕೆ ನಲವತ್ತು ಬಟ್ಟಲು ಕಾಫಿ ಸುರ್ರೆಂದು ಹೀರಿ
ಒಂದು ಹನಿಯನ್ನೂ ನುಂಗದೆ ಉಗುಳುವುದು.
ಯಾರ ತೋಟ, ಯಾವ ಗುಡ್ಡ, ಎಂಥ ಸಾಹುಕಾರ,
ಚೀಟಿ ಬಟ್ಟಲಿನ ಅಡಿಗೆ ಅಂಟಿರುತ್ತದೆ, ಎತ್ತಿ ನೋಡುವಂತಿಲ್ಲ.
ಬಿಸಿಯಲ್ಲಿ ಎಲ್ಲವೂ ಚೆಂದವೇ.
ಬಟ್ಟಲು ಬಾಯಿಬಿಡುವುದು ತಣ್ಣಗಾದ ಮೇಲೆ.

ವಿನ್ಸಿಗೆ ಇದೆಲ್ಲ ಬೇಡ.
ಅವನಿಗೆ ಹೆಲಿಕಾಪ್ಟರ್ ಬೇಕು.
ಬೆನ್ನ ಹಿಂದಿನಿಂದ ಎದ್ದು ನೆತ್ತಿಯ ಮೇಲೆ ಹಾದು
ಟೀವಿಯೊಳಗೆ ಇಳಿಯಬೇಕು.
(ಹಿಂದಿನ ಎರಡನ್ನು ದಸರೆಗೆ ಕೊಂಡರಾಯಿತಂತೆ.)
ಜ್ಯೋತಿನಗರದ ನಮ್ಮ ಹಾಲು ಹನ್ನೆರಡು ಬೈ ಹದಿನಾಲ್ಕು,
ಇಳಿದರೆ ಫ್ರಿಜ್ಜಿನ ಮೇಲೇ ಇಳಿಯಬೇಕು, ಅಂದೆ.
ನನಗೆ ಬೇಕಿದ್ದದ್ದು ಒಂದು ಪಿಟೀಲು.
ಕಮಾನು ದಿಕ್ಕು ಬದಲಿಸುವಾಗಿನ ಆ ಚೂರು ಉಸಿರು.
ಅದಕ್ಕೆಂದೇ ಎರಡು ವರ್ಷ ಚೀಟಿ ಕಟ್ಟಿದ್ದೇನೆ.

ಮೊಹಸಿನ್ ಶೀಟಿನ ಹಿಂದೆ ಹೋದ. ಅವನ ಪಾದ ಮಾತ್ರ ಕಾಣುತ್ತಿತ್ತು.
"ಕ," ಅಂದ.
ಪಿಟೀಲು ಬಂತು, ಮೃದಂಗ ಬಂತು, ಅದರ ಬೆನ್ನಿಗೇ ಹೆಲಿಕಾಪ್ಟರೂ ಬಂತು,
ವಿನ್ಸಿ ತಲೆ ತಗ್ಗಿಸಿದ.
ಬರೆದೆ: ಮೈಮೇಲೆ ಬರುತ್ತದೆ. ಹುರಿದದ್ದು ಒಂದು ಎಳೆ ಹೆಚ್ಚು.
ಮೃದಂಗದ ಎಡಗೈ ದಪ್ಪ. ತುದಿಯಲ್ಲಿ ಒಗರು. ಎಂಬತ್ತನಾಲ್ಕು.

"ಖ," ಅಂದ.
ಅದೇ ಪಿಟೀಲು ಈಗ ಒಂದು ಗೇಣು ಹಿಂದೆ ಸರಿದು ಕೂತಿತು.
ಕಮಾನು ತಿರುಗಿತು. ಉಸಿರು ಇತ್ತು.
ಹೆಂಗಸಿನ ದನಿಯೊಂದು ಮೇಲಿನ ಷಡ್ಜದವರೆಗೆ ಹೋಗಿ
ಅವಸರವಿಲ್ಲದೆ ನಿಂತಿತು, ಹೊಸ್ತಿಲಾಚೆ ಚಪ್ಪಲಿ ಬಿಡುವವಳ ಹಾಗೆ.
ಬರೆದೆ: ಶುದ್ಧ. ಕಿತ್ತಳೆ ಸಿಪ್ಪೆ. ಕೊನೆಗೆ ಬೆಲ್ಲ. ಎಂಬತ್ತೇಳು.
ಕೈ ಸ್ವಲ್ಪ ನಡುಗಿತ್ತು, ಸುಳ್ಳೇಕೆ.

ಧರಣೇಂದ್ರಯ್ಯನವರು ಶೀಟು ಬಿಚ್ಚಿದರು.
ಮೊಹಸಿನ್ ಸ್ವಿಚ್ಚಿನ ಡಬ್ಬಿ ಹಿಡಿದು ನಿಂತೇ ಇದ್ದ.
"ಮೇಡಂ, ಇದು ಸಿಕ್ಕಾಕ್ಕೊಂಡ್‌ಬಿಟ್ಟಿದೆ. ಖ ಕಡೆ ತಿರುಗೇ ಇಲ್ಲ.
ಎರಡು ಸಲಾನೂ ಹಾಡಿದ್ದು ಇದೇ ಜೋಡಿ."

ವಿನ್ಸಿ ನಕ್ಕ. ಸ್ಪಂಜಿನ ಗೋಡೆ ಆ ನಗುವನ್ನು ಹಾಗೇ ನುಂಗಿತು.
ಧರಣೇಂದ್ರಯ್ಯನವರು, ಮರ್ಯಾದಸ್ಥರು, ಬಿಲ್ ಬುಕ್ಕಿನಲ್ಲಿ ಏನೋ ಹುಡುಕಿದರು.

ನಮ್ಮಲ್ಲೂ ಉಂಟು ಇದು:
ಒಂದೇ ಮೂಟೆಯ ಬೀಜ ಎರಡು ಬಟ್ಟಲಿಗಿಟ್ಟು
ನಾಲಿಗೆಯನ್ನೇ ಪರೀಕ್ಷೆಗೆ ಕೂರಿಸುವುದು.
ಹದಿನೇಳು ವರ್ಷದಲ್ಲಿ ಎರಡು ಸಲ ಸಿಕ್ಕಿಬಿದ್ದಿದ್ದೇನೆ.
ಇದು ಮೂರನೆಯದು, ಅದೂ ಕಿವಿಯಲ್ಲಿ.

ಹಾಗಾದರೆ ಆ ಮೂರು ಅಂಕ ಎಲ್ಲಿಯದು?
ಮೊದಲ ಸಲ ವಿನ್ಸಿ ಮೊಬೈಲಿನಲ್ಲಿ ಕಂತಿನ ಲೆಕ್ಕ ಹಾಕುತ್ತಿದ್ದ,
ಎರಡನೇ ಸಲ ಮೊಬೈಲು ಮಗುಚಿಟ್ಟಿದ್ದ.
ಸೋಫಾ ಅಷ್ಟು ಹೊತ್ತಿಗೆ ಮೈಗೆ ಒಗ್ಗಿತ್ತು.
ಮತ್ತೆ, ಆ ನಡುವೆ, ಮೊಹಸಿನ್ ಶುಂಠಿ ಚಹಾ ತಂದಿಟ್ಟಿದ್ದ.
ಬೆಳಿಗ್ಗೆಯಿಂದ ಉಗುಳೀ ಉಗುಳೀ ದಣಿದ ಬಾಯಿ
ಆ ದಿನ ನುಂಗಿದ್ದು ಅದೊಂದನ್ನೇ.

ಜೋಡಿಗೂ ಜೋಡಿಗೂ ನಡುವೆ ಒಂದು ಲಕ್ಷದ ಹತ್ತು ಸಾವಿರ.
ನನಗೂ ನನಗೂ ನಡುವೆ ಮೂರು.

"ಸರಿಯಾಯ್ತು ಮೇಡಂ. ಖ ಹಾಕ್ಲಾ?"
ಹಾಕು. ಇಲ್ಲ, ತಡಿ, ಶೀಟು ಕಟ್ಟು.
ಈ ಸಲ ಯಾವುದು ಕ, ಯಾವುದು ಖ
ನನಗೆ ಹೇಳಬೇಡ, ನೀನೂ ನೋಡಬೇಡ.
ಆ ಚಹಾ
ಇನ್ನೊಂದು ಲೋಟ ಇದೆಯಾ?