ತೂಕದ ಚೀಟಿಯ ಬೆನ್ನು

ಕಪನೂರಿನ ಬೇಳೆ ಮಿಲ್ಲಿನಾಗ
ನಂದು ಕಾಂಟಾದ ಕುರ್ಚಿ.
ಲಾರಿ ಏರತಾವ, ಲಾರಿ ಇಳೀತಾವ,
ನಡುವ ಸಿಕ್ಕ ಎರಡು ನಿಮಿಷದಾಗ
ಚೀಟಿಯ ಬೆನ್ನಿಗೆ ಒಂದು ಸಾಲು.

ಮೈತುಂಬ ತೊಗರಿ ಧೂಳು, ಪೆನ್ನಿನ ಬಾಯಾಗೂ.
ಬರದದ್ದು ಹೊಡದು ಹಾಕ್ತೀನಿ, ಮತ್ತ ಬರೀತೀನಿ.
ಖಾಜಾಬಿ ಮೊರ ಝಾಡಿಸಿ ಕೇಳ್ತಾಳ:
“ಇವತ್ತೆಷ್ಟಾತು?”
“ಒಂದು. ಅದೂ ಅರ್ಧ.”
“ಚೀಲಕ್ಕ ನುಚ್ಚು ಎಷ್ಟು ಹೋಗ್ತದ ಅಂತ
ನೀನೇ ಲೆಕ್ಕ ಬರೀತಿ,
ಮತ್ತ್ಯಾಕ ಮಾರಿ ಸಣ್ಣ ಮಾಡ್ತಿ?”
ಅಂದು, ತನ್ನ ಡಬ್ಬಿಯ ಪುಂಡಿಪಲ್ಯ
ನನ್ನ ರೊಟ್ಟಿಗೆ ಹಚ್ಚತಾಳ.

ಹ್ವಾದ ತಿಂಗಳು ಗಡಿಬಿಡ್ಯಾಗ
ಅರ್ಧ ಸಾಲಿನ ಚೀಟಿ
ಸೊಲ್ಲಾಪುರದ ಲಾರಿ ಹತ್ತಿ ಹೋತು.
ಏನಿತ್ತು ಅದರಾಗ?
ರಾತ್ರಿ ಕರೆಂಟ್ ಹೋದಾಗ ಮಾಳಿಗಿ ಮ್ಯಾಲ
ಇನ್ನೂ ಆರದ ಹಾಸುಗಲ್ಲಿನ ಮ್ಯಾಲ ಕುಂತು
ಹುಡುಕಿದೆ, ಹುಡುಕಿದೆ. ಅದು ಸಿಗಲಿಲ್ಲ.
ಬ್ಯಾರೆ ಮೂರು ಬಂದವು,
ಕರೀದೇ ಬಂದ ಬೀಗರಂಗ.

ಇವತ್ತು ಆ ಡ್ರೈವರ್ ಧನಸಿಂಗ ಬಂದಾನ.
ಬೀಡಿ ವಾಸನಿಯ ಕಿಸೆಯಿಂದ
ನಾಕು ಮಡಿಕಿ ಬಿಚ್ಚಿ ಹಿಡದಾನ:
“ಟೋಲ್ ನಾಕಾದಾಗ ಓದೀನ್ರಿ ಬಾಯಾರ,
ಮತ್ತ ವಾಪಸ್ ಬರುಮುಂದ.
ಇಲ್ಲಿಗೇ ನಿಂತದ.
ಮುಂದೇನು?”

ಹಿಂದ ಆರು ಲಾರಿ ಹಾರ್ನ್ ಹೊಡಿಲಕತ್ಯಾವ.
ಅಂವ ಇಂಜಿನ್ ಬಂದ್ ಮಾಡಿ ನಿಂತಾನ.
ನಾನು ಪೆನ್ನಿನ ಧೂಳು ಊದ್ತೀನಿ.